ಬಾಲ್ಯದ ನೋವಿನ ಪ್ರಶ್ನಾವಳಿ: ಆಲ್ಫಾ 0.52 ಬಂದರೆ ಹುಡುಗಿಯರು ಸುಳ್ಳು ಹೇಳಿದರೆಂದೇ?

ಪ್ರಶ್ನೆ: ಕಲಬುರಗಿಯಲ್ಲಿ ಎಂ.ಎಸ್‌ಸಿ. ನರ್ಸಿಂಗ್ ಎರಡನೇ ವರ್ಷದಲ್ಲಿದ್ದೇನೆ. ಪ್ರಬಂಧಕ್ಕಾಗಿ 210 ಪದವಿ ವಿದ್ಯಾರ್ಥಿನಿಯರಿಂದ ಬಾಲ್ಯದ ಆಘಾತದ ಬಗೆಗಿನ 28 ಪ್ರಶ್ನೆಗಳ ಸಿಟಿಕ್ಯೂ ಕಿರುರೂಪ ತುಂಬಿಸಿದ್ದೇನೆ. ಕನ್ನಡ ಪ್ರತಿ ಸೀನಿಯರ್ ಒಬ್ಬರ ಪ್ರಬಂಧದಿಂದ ಜೆರಾಕ್ಸ್ ಮಾಡಿಸಿದ್ದು. ಒಟ್ಟು ಆಲ್ಫಾ (ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ) 0.86 ಬಂತು. ಆದರೆ ದೈಹಿಕ ನಿರ್ಲಕ್ಷ್ಯದ ಐದು ಪ್ರಶ್ನೆಗಳಿಗೆ 0.52 ಮಾತ್ರ. ಕುಡಿತದ ಪ್ರಶ್ನೆ ತೆಗೆದರೆ 0.58 ಆಗುತ್ತದೆ, ತೆಗೆದುಬಿಡು ಎಂದು ಗೈಡ್ ಹೇಳುತ್ತಾರೆ. 15 ದಿನ ಬಿಟ್ಟು 40 ಹುಡುಗಿಯರಿಗೆ ಮತ್ತೆ ಕೊಟ್ಟೆ. ಎರಡು ಸಲದ ಅಂಕಗಳ ಸಹಸಂಬಂಧ 0.71. ಸರಾಸರಿ 41 ಇದ್ದದ್ದು 37ಕ್ಕೆ ಇಳಿಯಿತು. ಎರಡೂ ಸಲ ಎಸ್‌ಡಿ (ಅಂಕಗಳ ಚದುರುವಿಕೆ) 10ರಷ್ಟು. ಮೊದಲನೆಯದನ್ನು ಹಾಸ್ಟೆಲ್‌ನಲ್ಲಿ, ಎರಡನೆಯದನ್ನು ಕಾಲೇಜಿನ ಕ್ಲಾಸಿನಲ್ಲಿ ತುಂಬಿಸಿದ್ದೆ. "ಹತ್ತು ವರ್ಷದ ಹಿಂದಿನದು ಯಾರಿಗೆ ನೆನಪಿರುತ್ತದೆ, ಎಲ್ಲ ಕಟ್ಟುಕಥೆ" ಎಂದು ಇನ್ನೊಬ್ಬ ಪ್ರಾಧ್ಯಾಪಕರು ಸೆಮಿನಾರಿನಲ್ಲೇ ಅಂದರು. ಒಬ್ಬ ಹುಡುಗಿ ಅರ್ಧಕ್ಕೇ ಅಳುತ್ತ ಎದ್ದು ಹೋದಳು. ನನ್ನ ದತ್ತಾಂಶ ನಂಬಬಹುದೇ? ಮತ್ತೆ ಹಾಸ್ಟೆಲ್‌ಗೆ ಹೋಗಿ ಮೊದಲಿಂದ ತುಂಬಿಸಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಐದು ಪ್ರಶ್ನೆಗಳು ಒಂದೇ ವಿಷಯ ಅಳೆಯುತ್ತಿವೆಯೇ ಎಂಬುದು ಒಂದು. ಒಬ್ಬಳೇ ಹುಡುಗಿ ಇವತ್ತು ಮತ್ತು 15 ದಿನದ ನಂತರ ಒಂದೇ ಉತ್ತರ ಕೊಡುತ್ತಾಳೆಯೇ ಎಂಬುದು ಎರಡನೆಯದು. ಅವಳು ಹೇಳಿದ್ದು ನಿಜವಾಗಿ ನಡೆದಿತ್ತೇ ಎಂಬುದು ಮೂರನೆಯದು. ಆಲ್ಫಾ ಮೊದಲನೆಯದಕ್ಕೆ ಮಾತ್ರ ಸಂಬಂಧಿಸಿದ್ದು. ಎಲ್ಲರೂ ತಂತಮ್ಮ ಸುಳ್ಳನ್ನು ಐದೂ ಪ್ರಶ್ನೆಗಳಲ್ಲಿ ಅಚ್ಚುಕಟ್ಟಾಗಿ ಹೇಳಿದರೂ ಆಲ್ಫಾ 0.95 ಬರಬಹುದು. ಎಲ್ಲರೂ ನಿಜ ಹೇಳಿದರೂ 0.50 ಬರಬಹುದು. ಹಾಗಾಗಿ 0.52 ನೋಡಿ ಹುಡುಗಿಯರನ್ನು ಅನುಮಾನಿಸುವ ಮೊದಲು ಫಾರ್ಮನ್ನೂ ಎಕ್ಸೆಲ್ ಹಾಳೆಯನ್ನೂ ಅನುಮಾನಿಸಿ.

ಎಕ್ಸೆಲ್‌ನಿಂದಲೇ ಶುರು ಮಾಡೋಣ. ಸಿಟಿಕ್ಯೂ ಕಿರುರೂಪದಲ್ಲಿ ತಲಾ ಐದು ಪ್ರಶ್ನೆಗಳ ಐದು ಉಪವಿಭಾಗಗಳಿವೆ: ಭಾವನಾತ್ಮಕ, ದೈಹಿಕ, ಲೈಂಗಿಕ ದೌರ್ಜನ್ಯ, ಭಾವನಾತ್ಮಕ ನಿರ್ಲಕ್ಷ್ಯ, ದೈಹಿಕ ನಿರ್ಲಕ್ಷ್ಯ. ಉಳಿದ ಮೂರು (10, 16, 22) "ನನ್ನ ಬಾಲ್ಯದಲ್ಲಿ ಕೊರತೆಯೇ ಇರಲಿಲ್ಲ" ಎಂಬ ಧಾಟಿಯವು; ನೋವನ್ನು ಮುಚ್ಚಿಡುವ ಒಲವನ್ನು ಹಿಡಿಯಲು ಇಟ್ಟವು. ಅವನ್ನು ಒಟ್ಟು ಅಂಕಕ್ಕೆ ಕೂಡಿಸಬಾರದು. ಗರಿಷ್ಠ ಉತ್ತರವಾದ 5ಕ್ಕೆ ಗುರುತು ಹಾಕಿದ್ದರೆ ಮಾತ್ರ ತಲಾ ಒಂದು ಅಂಕ. 2, 5, 7, 13, 19, 26, 28 ಈ ಏಳು ಒಳ್ಳೆಯದನ್ನು ಹೇಳುವ ಸಾಲುಗಳಾದ್ದರಿಂದ ಅವಕ್ಕೆ ಅಂಕ ತಿರುವಬೇಕು: 1 ಇದ್ದದ್ದು 5, 2 ಇದ್ದದ್ದು 4, ಹೀಗೆ. ಹೆಚ್ಚಿನ ಅನಾಹುತ ಆಗುವುದು ಇಲ್ಲಿಯೇ. ಭಾವನಾತ್ಮಕ ನಿರ್ಲಕ್ಷ್ಯದ ಐದಕ್ಕೆ ಐದೂ ತಿರುವು ಪ್ರಶ್ನೆಗಳು. ಐದನ್ನೂ ತಿರುವಲು ಮರೆತರೆ ಆಲ್ಫಾ ಒಂದು ಕೂದಲೆಳೆಯಷ್ಟೂ ಬದಲಾಗದು, ಆದರೆ ಅಂಕಗಳ ಅರ್ಥವೇ ತಲೆಕೆಳಗಾಗಿರುತ್ತದೆ. ಈ ಉಪವಿಭಾಗ ಉಳಿದ ನಾಲ್ಕರ ಜೊತೆ ಋಣ ಸಹಸಂಬಂಧ ತೋರಿಸುತ್ತಿದೆಯೇ ನೋಡಿದರೆ ತಪ್ಪು ಸಿಕ್ಕಿಬೀಳುತ್ತದೆ. ದೈಹಿಕ ನಿರ್ಲಕ್ಷ್ಯದಲ್ಲಿ ತಿರುವು ಇರುವುದು ಎರಡಕ್ಕೆ, 2 ಮತ್ತು 26ಕ್ಕೆ. ಅಲ್ಲಿ ಮರೆತರೆ ಆಲ್ಫಾ ಕುಸಿದೇ ಹೋಗುತ್ತದೆ.

ಆಮೇಲೆ ಒಂದು ವಿಶೇಷ ಅಂಕಮಾಲೆ ಹುಡುಕಿ. ಓದದೆ, ಬೇಗ ಮುಗಿದರೆ ಸಾಕೆಂದು ಎಲ್ಲದಕ್ಕೂ "ಎಂದಿಗೂ ಇಲ್ಲ" ಎಂದು ಗೀಟು ಎಳೆದವಳಿಗೆ ಮೂರೂ ದೌರ್ಜನ್ಯಗಳಲ್ಲಿ 5, ಭಾವನಾತ್ಮಕ ನಿರ್ಲಕ್ಷ್ಯದಲ್ಲಿ 25, ದೈಹಿಕ ನಿರ್ಲಕ್ಷ್ಯದಲ್ಲಿ 13, ಒಟ್ಟು 53 ಬರುತ್ತದೆ. ಕಾಗದದ ಮೇಲೆ ಅವಳು ತೀವ್ರ ನಿರ್ಲಕ್ಷ್ಯಕ್ಕೊಳಗಾದ ಹುಡುಗಿ. ನಿಜದಲ್ಲಿ ಊಟದ ಗಂಟೆಗೆ ಕಾಯುತ್ತಿದ್ದವಳು. 5-5-5-25-13 ಅಥವಾ ಅದರ ಆಸುಪಾಸಿನ ಸಾಲುಗಳು ನಿಮ್ಮ 210ರಲ್ಲಿ ಎಷ್ಟಿವೆ ಎಣಿಸಿ. ಅವನ್ನು ಗುಟ್ಟಾಗಿ ಅಳಿಸಬೇಡಿ. ಯಾವ ನಿಯಮದಂತೆ ಎಷ್ಟನ್ನು ಕೈಬಿಟ್ಟಿರಿ ಎಂದು ಬರೆದು, ಸೇರಿಸಿದಾಗ ಮತ್ತು ಕೈಬಿಟ್ಟಾಗ ಬರುವ ಎರಡೂ ಫಲಿತಾಂಶ ಕೊಡಿ.

ಈಗ 0.86 ಮತ್ತು 0.52. ಒಂದು ಹೆಮ್ಮೆಯ ಅಂಕಿ, ಇನ್ನೊಂದು ನಾಚಿಕೆಯ ಅಂಕಿ ಎಂದು ನೀವು ಭಾವಿಸಿದಂತಿದೆ. ಲೆಕ್ಕ ಹಾಕಿ ನೋಡಿ. ಪ್ರಶ್ನೆಗಳ ಸಂಖ್ಯೆ ಹೆಚ್ಚಿದಷ್ಟೂ ಆಲ್ಫಾ ಏರುತ್ತದೆ. 25 ಪ್ರಶ್ನೆಗೆ 0.86 ಎಂದರೆ ಪ್ರಶ್ನೆ ಪ್ರಶ್ನೆಗಳ ನಡುವಿನ ಸರಾಸರಿ ನಂಟು 0.20ರಷ್ಟು. ಐದು ಪ್ರಶ್ನೆಗೆ 0.52 ಎಂದರೆ ಆ ನಂಟು 0.18. ಎರಡೂ ಹೆಚ್ಚುಕಡಿಮೆ ಒಂದೇ! ಇದೇ 0.18 ನಂಟಿನ 25 ಪ್ರಶ್ನೆಗಳಿದ್ದಿದ್ದರೆ ಆಲ್ಫಾ 0.84 ಬರುತ್ತಿತ್ತು. ನಿಮ್ಮ ಒಟ್ಟು ಆಲ್ಫಾ ಚೆನ್ನಾಗಿ ಕಾಣುವುದು ಮುಖ್ಯವಾಗಿ ಉದ್ದದಿಂದ. ಐದು ಬೇರೆ ಬೇರೆ ವಿಷಯ ಅಳೆಯುವ ಉಪಕರಣಕ್ಕೆ ಒಟ್ಟು ಆಲ್ಫಾ ಕೊಡುವುದರಲ್ಲಿ ನನಗೆ ಹೆಚ್ಚಿನ ಅರ್ಥ ಕಾಣುವುದಿಲ್ಲ. ಐದರದ್ದೂ ಬೇರೆ ಬೇರೆ ಕೊಡಿ, ಜೊತೆಗೆ ಒಮೆಗಾ (ಅದೇ ಹೊಂದಿಕೆಯ ಇನ್ನೊಂದು ಅಳತೆ) ಕೊಡಿ. ಜಮೋವಿ ತಂತ್ರಾಂಶ ಉಚಿತ, ಅದರಲ್ಲಿ ಒಂದು ಟಿಕ್ ಹಾಕಿದರೆ ಒಮೆಗಾ ಬರುತ್ತದೆ.

ದೈಹಿಕ ನಿರ್ಲಕ್ಷ್ಯದ ಆಲ್ಫಾ ಕಡಿಮೆ ಬರುವುದು ನಿಮ್ಮ ಒಬ್ಬರ ಕತೆಯಲ್ಲ. ಈ ಉಪಕರಣವನ್ನು ಬಳಸಿದ ಹಲವಾರು ದೇಶ, ಭಾಷೆಗಳಲ್ಲಿ ಐದರ ಪೈಕಿ ದುರ್ಬಲವಾದದ್ದು ಇದೇ. ಅದರೊಳಗೆ ಏನೇನಿದೆ ನೋಡಿ: ಹಸಿವು, ಕೊಳಕು ಬಟ್ಟೆ, ಹೆತ್ತವರ ಕುಡಿತ, ಕಾಪಾಡುವವರು ಇದ್ದರೇ, ಡಾಕ್ಟರ ಹತ್ತಿರ ಕರೆದೊಯ್ಯುವವರು ಇದ್ದರೇ. ಅಪ್ಪ ಕುಡಿಯುತ್ತಿದ್ದ ಮನೆಯಲ್ಲೂ ಅವ್ವ ಮಗಳ ಅಂಗಿ ಒಗೆದು ಹೊಟ್ಟೆ ತುಂಬ ಉಣಿಸಿರಬಹುದು. ಕುಡಿತದ ಸುದ್ದಿಯೇ ಇಲ್ಲದ ಮನೆಯಲ್ಲಿ ಒಲೆ ಹಚ್ಚದ ದಿನಗಳಿರಬಹುದು. ಇವು ಒಂದೇ ಜ್ವರದ ಐದು ಲಕ್ಷಣಗಳಂತೆ ಒಟ್ಟಿಗೆ ಏರಿಳಿಯಬೇಕೆಂಬ ನಿಯಮವಿಲ್ಲ.

ಇದರ ಮೇಲೆ ಅನುವಾದದ ತೊಡಕು ಬೇರೆ. ನಿಮ್ಮ ಜೆರಾಕ್ಸ್ ಪ್ರತಿ ನನ್ನ ಕೈಯಲ್ಲಿಲ್ಲ, ಆದರೆ ಇಂಥ ಕನ್ನಡ ಪ್ರತಿಗಳಲ್ಲಿ ಪದೇ ಪದೇ ಕಾಣುವ ದೋಷವೊಂದನ್ನು ಹತ್ತಿರದಿಂದ ತೋರಿಸುತ್ತೇನೆ. ಹಸಿವಿನ ಸಾಲು "ನನಗೆ ಸಾಕಷ್ಟು ಆಹಾರ ದೊರೆಯುತ್ತಿರಲಿಲ್ಲ" ಎಂದು ಇರುತ್ತದೆ. ಎದುರಿಗೆ ಮೊದಲ ಆಯ್ಕೆ "ಎಂದಿಗೂ ಇಲ್ಲ". ಹಸಿದೇ ಬೆಳೆದ ಹುಡುಗಿ ಅದನ್ನು ಓದಿ ಮನಸ್ಸಿನಲ್ಲಿ "ಹೌದು, ಸಿಗತಿರಲಿಲ್ಲ, ಎಂದೂ ಇಲ್ಲ" ಅಂದುಕೊಂಡು "ಎಂದಿಗೂ ಇಲ್ಲ"ಕ್ಕೆ ಗುರುತು ಹಾಕುತ್ತಾಳೆ. ಅವಳಿಗೆ ಸಿಗುವುದು 1 ಅಂಕ. ಹೊಟ್ಟೆ ತುಂಬ ಉಂಡು ಬೆಳೆದವಳಿಗೂ 1. ಇಬ್ಬರೂ ಮನಸಾರೆ ನಿಜ ಹೇಳಿದ್ದಾರೆ, ಕೆಟ್ಟದ್ದು ವಾಕ್ಯ. "ಹೊಟ್ಟೆ ತುಂಬ ಊಟ ಸಿಗದ ದಿನಗಳು ಇದ್ದವು" ಎಂದು ಬರೆದು, ಆಯ್ಕೆಗಳನ್ನು "ಒಮ್ಮೆಯೂ ಇಲ್ಲ, ಅಪರೂಪಕ್ಕೆ, ಒಮ್ಮೊಮ್ಮೆ, ಬಹಳ ಸಲ, ಯಾವಾಗಲೂ ಎನ್ನುವಷ್ಟು" ಎಂದು ಇಟ್ಟರೆ ಈ ಗಂಟು ಬಿಚ್ಚುತ್ತದೆ.

ಕುಡಿತದ ಪ್ರಶ್ನೆಯೂ ಹಾಗೆಯೇ. "ಪೋಷಕರು ಕುಡಿದು" ಎಂದು ಬರೆದರೆ ಕನ್ನಡದಲ್ಲಿ ಅದು ಅಪ್ಪ ಅವ್ವ ಇಬ್ಬರೂ ಎಂದು ಕೇಳಿಸುತ್ತದೆ. "ನಮ್ಮವ್ವ ಎಲ್ಲಿ ಕುಡೀತಾಳ್ರಿ?" ಎಂದುಕೊಂಡ ಹುಡುಗಿ, ಅಪ್ಪ ದಿನಾ ಸಂಜೆ ಸೇಂದಿ ಕುಡಿದು ಬರುತ್ತಿದ್ದರೂ, "ಎಂದಿಗೂ ಇಲ್ಲ" ಹಾಕುತ್ತಾಳೆ. "ಅಪ್ಪ ಅಥವಾ ಅವ್ವ, ಇಬ್ಬರಲ್ಲಿ ಒಬ್ಬರಾದರೂ" ಎಂದೇ ಬರೆಯಬೇಕು. ನಿಮ್ಮ ಗೈಡ್ ಕಿತ್ತುಹಾಕಿ ಎನ್ನುತ್ತಿರುವುದು ಈ ಪ್ರಶ್ನೆಯನ್ನೇ ಆದ್ದರಿಂದ, ಅದು ಉಳಿದವುಗಳ ಜೊತೆ ಹೊಂದದಿರಲು ಇದೇ ಕಾರಣ ಇರಬಹುದೇ ಎಂದು ಮೊದಲು ನೋಡಿ.

ನಮ್ಮ ಭಾಗದ ಇನ್ನೂ ಎರಡು ಸಂಗತಿಗಳನ್ನು ಬೇರೆಡೆ ತಯಾರಾದ ಫಾರ್ಮು ಊಹಿಸಿರುವುದಿಲ್ಲ. ಒಂದು ಗುಳೆ. ಅಪ್ಪ ಅವ್ವ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗಿ, ಆಯಿ ಮುತ್ಯಾನ ಕೈಯಲ್ಲಿ ಬೆಳೆದ ಹುಡುಗಿಗೆ "ನನ್ನ ಕುಟುಂಬದವರು" ಎಂದರೆ ಯಾರು? ಮೊದಲ ಪುಟದಲ್ಲೇ "ನಿಮ್ಮನ್ನು ಸಾಕಿ ಬೆಳೆಸಿದವರು ಯಾರಿದ್ದರೋ ಅವರು" ಎಂದು ಹೇಳಿಬಿಡಿ, ಹಾಸ್ಟೆಲ್‌ನಲ್ಲಿ ಕಳೆದ ವರ್ಷಗಳು ಸೇರುತ್ತವೋ ಇಲ್ಲವೋ ಅದನ್ನೂ ಹೇಳಿ. ಎರಡನೆಯದು ಬೇಗ ಆಗುವ ಮದುವೆ. 16ಕ್ಕೆ ಮದುವೆಯಾದ ಹುಡುಗಿ ತನ್ನ ಬಾಲ್ಯ ಅಲ್ಲಿಗೆ ಮುಗಿಯಿತೆಂದೇ ಎಣಿಸುತ್ತಾಳೆ. ಗಂಡನ ಮನೆಯ ಎರಡು ವರ್ಷದ ಹೊಡೆತ ಅವಳ ಲೆಕ್ಕಕ್ಕೆ ಬರುವುದೇ ಇಲ್ಲ. "18 ತುಂಬುವ ತನಕ, ತವರಿನಲ್ಲಾಗಲಿ ಗಂಡನ ಮನೆಯಲ್ಲಾಗಲಿ" ಎಂಬ ಒಂದು ಸಾಲು ಸಾಕು.

ಬಡತನ ಮತ್ತು ನಿರ್ಲಕ್ಷ್ಯ ಒಂದೇ ಅಂಕದೊಳಗೆ ಬೆರೆತುಹೋಗುವುದು ಇದಕ್ಕಿಂತ ದೊಡ್ಡ ತೊಂದರೆ. ಮಳೆ ಕೈಕೊಟ್ಟು ತೊಗರಿ ಹೋದ ವರ್ಷ ಮನೆಮಂದಿಯೆಲ್ಲ ಅರೆಹೊಟ್ಟೆಯಲ್ಲಿ ಮಲಗಿದ್ದರೆ ಅದು ಬರ. ಅಣ್ಣನಿಗೆ ರೊಟ್ಟಿ ಇದ್ದು ತಂಗಿಗೆ ಇಲ್ಲದಿದ್ದರೆ ಅದು ನಿರ್ಲಕ್ಷ್ಯ. ಬಸ್ಸು ಬಾರದ ತಾಂಡಾದಲ್ಲಿ ಡಾಕ್ಟರ ಹತ್ತಿರ ಒಯ್ಯಲಿಲ್ಲ ಎಂಬುದಕ್ಕೂ ಇದೇ ಮಾತು. ಮೂಲ ಉಪಕರಣವನ್ನು ಮುಟ್ಟದೆ, ಅದರ ಕೊನೆಯಲ್ಲಿ ನಿಮ್ಮದೇ ಎರಡು ಹೆಚ್ಚುವರಿ ಪ್ರಶ್ನೆ ಸೇರಿಸಬಹುದು: ಆ ದಿನಗಳಲ್ಲಿ ಮನೆಯ ಉಳಿದವರೂ ಉಪವಾಸ ಇದ್ದರೇ, ನೀವೊಬ್ಬರೇನಾ? ಆಸ್ಪತ್ರೆಗೆ ಒಯ್ಯದಿದ್ದದ್ದು ದುಡ್ಡು ಮತ್ತು ದಾರಿಯ ತೊಂದರೆಗೋ, ಯಾರೂ ತಲೆ ಕೆಡಿಸಿಕೊಳ್ಳದ್ದಕ್ಕೋ? ಇವನ್ನು ಅಂಕಕ್ಕೆ ಸೇರಿಸಬೇಡಿ, ಅಂಕವನ್ನು ಓದಲು ಬಳಸಿ.

ಹಾಗಾದರೆ ಕುಡಿತದ ಪ್ರಶ್ನೆ ತೆಗೆಯಬೇಕೇ? ಬೇಡ ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. 0.52 ಇದ್ದದ್ದು 0.58 ಆದರೆ ಗೆದ್ದದ್ದೇನೂ ಇಲ್ಲ. ಕಳೆದುಕೊಳ್ಳುವುದು ಬಹಳ: ನಿಮ್ಮ ಅಂಕವನ್ನು ಬೇರೆ ಯಾವ ಅಧ್ಯಯನದ ಜೊತೆಗೂ ಹೋಲಿಸಲಾಗದು, ಪ್ರಕಟಿತ ಮಿತಿ ಅಂಕಗಳೂ ಕೆಲಸಕ್ಕೆ ಬಾರವು. ನಿಮ್ಮ 210 ಮಂದಿಯ ಅಂಕಿಗಳನ್ನು ನೋಡಿಯೇ ಪ್ರಶ್ನೆ ಆರಿಸಿದ್ದರಿಂದ ಆ 0.58 ಇನ್ನೊಂದು ಗುಂಪಿನಲ್ಲಿ ನಿಲ್ಲುವ ಭರವಸೆಯೂ ಇಲ್ಲ. ಐದನ್ನೂ ಇಟ್ಟುಕೊಂಡು 0.52 ಎಂದು ಇದ್ದದ್ದನ್ನು ಇದ್ದಂತೆ ಬರೆದು, ಈ ಉಪವಿಭಾಗವನ್ನು ಮುಖ್ಯ ತೀರ್ಮಾನಗಳಿಂದ ಹೊರಗಿಡುವುದು ಮೇಲು. ಇದಕ್ಕೂ ಬೆಲೆ ತೆರಬೇಕು: ನಿರ್ಲಕ್ಷ್ಯದ ಅರ್ಧ ಚಿತ್ರ ಕೈಬಿಟ್ಟಂತಾಗುತ್ತದೆ, ವೈವಾದಲ್ಲಿ ಪ್ರಶ್ನೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಎಸಿಇ-ಐಕ್ಯೂ ಎಂಬ ಬಾಲ್ಯದ ಕಹಿ ಅನುಭವಗಳ ಪ್ರಶ್ನಾವಳಿಗೆ ಬದಲಾಯಿಸುವುದು ಮತ್ತೊಂದು ದಾರಿ. ಅದರಲ್ಲಿ ಬಾಲ್ಯವಿವಾಹ, ಊರಿನ ಹಿಂಸೆ ಮುಂತಾದವೂ ಬರುತ್ತವೆ. ಆದರೆ ಅದು ಘಟನೆಗಳ ಎಣಿಕೆ. ಅಪ್ಪ ಜೈಲಿಗೆ ಹೋದದ್ದಕ್ಕೂ ಶಾಲೆಯಲ್ಲಿ ಪೀಡಿಸಿದ್ದಕ್ಕೂ ನಂಟು ಇರಲೇಬೇಕೆಂದಿಲ್ಲವಾದ್ದರಿಂದ ಅಲ್ಲಿ ಆಲ್ಫಾ ಕೇಳುವುದೇ ತಪ್ಪು, ಮರುಪರೀಕ್ಷೆಯ ಕಪ್ಪಾ (ಆಕಸ್ಮಿಕ ಹೊಂದಿಕೆಯನ್ನು ಕಳೆದು, ಎರಡು ಸಲದ ಉತ್ತರ ಎಷ್ಟು ಹೊಂದುತ್ತವೆ ಎಂಬ ಅಳತೆ) ಕೇಳಬೇಕು. ಅಷ್ಟೇ ಅಲ್ಲ, ಎಲ್ಲ ಮೊದಲಿಂದ ಮಾಡಬೇಕಾಗುತ್ತದೆ. ನಿಮಗೆ ಅಷ್ಟು ಸಮಯ ಇದ್ದಂತಿಲ್ಲ. ಇನ್ನೊಂದು ಮಾತು: ಸಿಟಿಕ್ಯೂಗೆ ಹಕ್ಕುಸ್ವಾಮ್ಯ ಇದೆ, ಪಿಯರ್ಸನ್ ಸಂಸ್ಥೆ ಅದನ್ನು ಮಾರುತ್ತದೆ. ಸೀನಿಯರ್ ಪ್ರಬಂಧದ ಜೆರಾಕ್ಸ್ ಅನುಮತಿಪತ್ರವಾಗುವುದಿಲ್ಲ. ಈಗಲೇ ಬರೆದು ಕೇಳಿ.

ಮರುಪರೀಕ್ಷೆಗೆ ಬರೋಣ. 0.71 ಸಹಸಂಬಂಧ ಹೇಳುವುದು ಹುಡುಗಿಯರ ಸಾಲಿನ ಕ್ರಮ ಎಷ್ಟು ಉಳಿಯಿತೆಂದು ಮಾತ್ರ. ಎಲ್ಲರ ಅಂಕವೂ ತಲಾ ನಾಲ್ಕು ಇಳಿದರೂ ಅದು 1.00 ತೋರಿಸುತ್ತದೆ. ನಿಮ್ಮಲ್ಲಿ ಸರಾಸರಿ ನಾಲ್ಕು ಇಳಿದಿದೆ, ಅದನ್ನು ಅದು ನುಂಗಿಹಾಕಿದೆ. ಇಂಥ ಇಳಿತವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಐಸಿಸಿ ಎಂಬ ಅಳತೆ ತೆಗೆಯಿರಿ. ಎಸ್‌ಪಿಎಸ್‌ಎಸ್‌ನಲ್ಲಿ ಎರಡು-ಮಾರ್ಗದ ಮಾದರಿ ಆರಿಸಿ, 'ಸ್ಥಿರತೆ' ಬಿಟ್ಟು 'ಪೂರ್ಣ ಒಪ್ಪಿಗೆ' ಆರಿಸಿ, ಏಕ ಅಳತೆಯ ಸಾಲು ಓದಿ. ನೀವು ಕೊಟ್ಟ ಅಂಕಿಗಳಿಂದ ಅದು 0.66ರ ಸುತ್ತ ಬರಬೇಕು. 0.50ರಿಂದ 0.75ರ ನಡುವಿನದನ್ನು ಸಾಧಾರಣ ಎನ್ನುತ್ತಾರೆ. ಅಳತೆಯ ದೋಷ ಸುಮಾರು 6 ಅಂಕ. ಅಂದರೆ ಒಬ್ಬಳೇ ಹುಡುಗಿಯ ಅಂಕ 16 ಅಥವಾ 17 ಬದಲಾದರೆ ಮಾತ್ರ ನಿಜವಾದ ಬದಲಾವಣೆ ಎನ್ನಬಹುದು. ಗುಂಪುಗಳನ್ನು ಹೋಲಿಸಲು ಇದು ಸಾಕು. ಒಬ್ಬಳ ಹಣೆಗೆ "ಆಘಾತಕ್ಕೊಳಗಾದವಳು" ಎಂಬ ಚೀಟಿ ಅಂಟಿಸಲು ಖಂಡಿತ ಸಾಲದು. 40 ಮಂದಿ ಎಂಬುದೂ ಕಡಿಮೆಯೇ. ನಿಮ್ಮ 0.71ರ ಸುತ್ತಲಿನ ಶೇ. 95ರ ವ್ಯಾಪ್ತಿ 0.51ರಿಂದ 0.84ರವರೆಗೆ ಹರಡಿದೆ. 50ಕ್ಕೆ ಕಡಿಮೆ ಇಲ್ಲದಂತೆ ನೋಡಿಕೊಳ್ಳಿ.

ಹೌದು-ಇಲ್ಲ ಎಂದು ವಿಂಗಡಿಸಿದರೆ ಕಪ್ಪಾ ಲೆಕ್ಕ ಹಾಕುತ್ತೀರಿ. ಆಗಲೂ ಎಚ್ಚರ ಬೇಕು. 60 ಮಂದಿಯಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಎರಡೂ ಸಲ ಹೌದು ಎಂದವರು 3, ಮೊದಲ ಸಲ ಮಾತ್ರ 3, ಎರಡನೇ ಸಲ ಮಾತ್ರ 2, ಎರಡೂ ಸಲ ಇಲ್ಲ ಎಂದವರು 52 ಎಂದಿಟ್ಟುಕೊಳ್ಳಿ. ಶೇ. 92 ಮಂದಿ ಮಾತು ಬದಲಿಸಿಲ್ಲ. ಕಪ್ಪಾ ಮಾತ್ರ 0.50. ಅಪರೂಪದ ಸಂಗತಿಗಳಲ್ಲಿ ಹೀಗಾಗುತ್ತದೆ. ಎರಡೂ ಅಂಕಿ ಕೊಡಿ, ಆ ನಾಲ್ಕು ಮನೆಯ ಕೋಷ್ಟಕವನ್ನೂ ಕೊಡಿ.

ನಿಮ್ಮಲ್ಲಿ ನಾಲ್ಕು ಅಂಕ ಇಳಿದದ್ದು ಮರೆವಿನಿಂದ ಎಂದು ನನಗೆ ಅನ್ನಿಸುವುದಿಲ್ಲ. ಹಾಸ್ಟೆಲ್‌ನಲ್ಲಿ ತನ್ನ ಮಂಚದ ಮೇಲೆ ಗೋಡೆಗೆ ಒರಗಿ ಬರೆದದ್ದನ್ನು, ಒಂದೇ ಬೆಂಚಿನಲ್ಲಿ ಮೂವರು ಮೊಣಕೈ ತಾಗಿಸಿ ಕೂತ ಕ್ಲಾಸಿನಲ್ಲಿ ಯಾರು ಬರೆಯುತ್ತಾರೆ? ಜಾಗ ಬದಲಾದರೆ ಮರುಪರೀಕ್ಷೆ ಕೆಡುತ್ತದೆ. ಅದೇ ಜಾಗ, ಅದೇ ಹೊತ್ತು, ಒಬ್ಬೊಬ್ಬರಿಗೆ ಒಂದು ಡೆಸ್ಕು, ಮುಚ್ಚುವ ಲಕೋಟೆ. ವಾರ್ಡನ್, ಲೆಕ್ಚರರ್ ಒಳಗಿರಬಾರದು. ಹೆಸರು ಬೇಡ. ತವರೂರಿನ ಮೊದಲಕ್ಷರ, ಒಡಹುಟ್ಟಿದವರ ಸಂಖ್ಯೆ, ಹುಟ್ಟಿದ ತಾರೀಖು ಇವನ್ನು ಸೇರಿಸಿ ಅವಳೇ ಮಾಡಿಕೊಳ್ಳುವ ಸಂಕೇತ ಸಾಕು, ಎರಡೂ ಫಾರ್ಮು ಜೋಡಿಯಾಗುತ್ತವೆ.

"ಎಲ್ಲ ಕಟ್ಟುಕಥೆ" ಎಂಬ ಮಾತಿಗೆ ಉತ್ತರ ಕೊಡಲೇಬೇಕು, ಅದು ಹುಡುಗಿಯರಿಗೆ ಮಾಡುವ ಅನ್ಯಾಯ. 2004ರಲ್ಲಿ ಹಾರ್ಟ್ ಮತ್ತು ರಟ್ಟರ್ ಲಭ್ಯ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಕಂಡದ್ದು, ನಡೆದದ್ದನ್ನು ಹೇಳದೆ ಬಿಡುವವರು ಬಹಳ, ನಡೆಯದ್ದನ್ನು ಹೇಳುವವರು ವಿರಳ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಒಂದೇ ಗುಂಪನ್ನು 18 ಮತ್ತು 21ರ ವಯಸ್ಸಿನಲ್ಲಿ ಕೇಳಿದಾಗಲೂ ಇದೇ: ಒಮ್ಮೆ ಹೇಳಿದವರಲ್ಲಿ ಹಲವರು ಇನ್ನೊಮ್ಮೆ ಹೇಳಲಿಲ್ಲ, ಆ ಏರುಪೇರಿಗೂ ಅವರ ಆಗಿನ ಮನಸ್ಥಿತಿಗೂ ನಂಟು ಕಾಣಲಿಲ್ಲ. ಹಾಗಂತ ಪ್ರಾಧ್ಯಾಪಕರ ಅನುಮಾನಕ್ಕೆ ಆಧಾರವೇ ಇಲ್ಲವೆಂದೂ ನೀವು ವಾದಿಸಬೇಡಿ. 2019ರಲ್ಲಿ ಬಾಲ್ಡ್‌ವಿನ್ ಮತ್ತು ಸಂಗಡಿಗರು 16 ಅಧ್ಯಯನಗಳನ್ನು ಕೂಡಿಸಿ ನೋಡಿದರು. ಬಾಲ್ಯದಲ್ಲೇ ದಾಖಲಾದದ್ದಕ್ಕೂ ದೊಡ್ಡವರಾದ ಮೇಲೆ ಹೇಳಿದ್ದಕ್ಕೂ ಕಪ್ಪಾ 0.19 ಮಾತ್ರ. ದಾಖಲೆ ಇದ್ದವರಲ್ಲಿ ಶೇ. 52 ಮಂದಿ ದೊಡ್ಡವರಾದಾಗ ಹೇಳಲಿಲ್ಲ. ಹೇಳಿದವರಲ್ಲಿ ಶೇ. 56 ಮಂದಿಗೆ ದಾಖಲೆ ಇರಲಿಲ್ಲ. ದಾಖಲೆ ಇಲ್ಲ ಎಂದರೆ ನಡೆದಿಲ್ಲ ಎಂದು ಓದುವಂತಿಲ್ಲ. ಮನೆಯೊಳಗೇ ಉಳಿದುಹೋದದ್ದು ಯಾವ ರಿಜಿಸ್ಟರಿಗೆ ಬಂದೀತು? ಎರಡು ದಾರಿಗಳೂ ಹೆಚ್ಚಾಗಿ ಬೇರೆ ಬೇರೆ ಜನರನ್ನೇ ಗುರುತಿಸುತ್ತವೆ ಎಂಬುದು ಸರಿಯಾದ ಓದು. 2020ರಲ್ಲಿ ಡಾನೀಸ್ ಮತ್ತು ವಿಡಮ್ ತೋರಿಸಿದಂತೆ, ಮುಂದಿನ ಮಾನಸಿಕ ತೊಂದರೆಗಳ ಜೊತೆ ಗಟ್ಟಿ ನಂಟಿರುವುದು ಕೋರ್ಟಿನ ದಾಖಲೆಗಿಂತ ವ್ಯಕ್ತಿ ತಾನೇ ನೆನೆದು ಹೇಳುವುದಕ್ಕೆ. ಹಾಗಾಗಿ ಪ್ರಬಂಧದಲ್ಲಿ "ಶೇ. ಇಷ್ಟು ಹುಡುಗಿಯರು ದೌರ್ಜನ್ಯಕ್ಕೆ ಒಳಗಾಗಿದ್ದರು" ಎಂದು ಬರೆಯಬೇಡಿ, "ಒಳಗಾಗಿದ್ದಾಗಿ ತಿಳಿಸಿದರು" ಎಂದು ಬರೆಯಿರಿ. ಆ ಒಂದು ಪದ ನಿಮ್ಮನ್ನೂ ಕಾಯುತ್ತದೆ, ಅವರನ್ನೂ ಕಾಯುತ್ತದೆ.

ಅಳುತ್ತ ಎದ್ದು ಹೋದ ಹುಡುಗಿಯ ಬಗ್ಗೆ. ಇಂಥ ಪ್ರಶ್ನೆಗಳಿಂದ ಕೆಲವರಿಗೆ ಆ ಹೊತ್ತಿಗೆ ಸಂಕಟವಾಗುತ್ತದೆ, ಬಹುಪಾಲು ಮಂದಿಗೆ ಅದು ಬೇಗ ಇಳಿಯುತ್ತದೆ. ಆದರೆ ಅವಳು ಒಂಟಿಯಾಗಿ ಕೋಣೆಗೆ ಹೋಗಬಾರದಿತ್ತು. ಈ ವಾರವೇ ಅವಳನ್ನು ಬೇರೆಯಾಗಿ ಕಂಡು ಹೇಗಿದ್ದಾಳೆ ವಿಚಾರಿಸಿ. ಏನಾಯಿತೆಂದು ಕೆದಕಬೇಡಿ, ಫಾರ್ಮು ಮುಗಿಸು ಎನ್ನಬೇಡಿ. ಟೆಲಿ ಮನಸ್ ಸಹಾಯವಾಣಿ 14416 ಕನ್ನಡದಲ್ಲೂ ಸಿಗುತ್ತದೆ, ನಂಬರು ಬರೆದು ಕೊಡಿ. ಆಪ್ತಸಮಾಲೋಚಕರ ಬಳಿ ಹೋಗಲು ಒಪ್ಪಿದರೆ ಜೊತೆಗೆ ನೀವೇ ಹೋಗಿ. ಇನ್ನು ಮೊದಲ ವರ್ಷದ ಪದವಿಯಲ್ಲಿ 17ರ ಹುಡುಗಿಯರೂ ಇರುತ್ತಾರೆ. 18 ತುಂಬದ ಹುಡುಗಿ ಲೈಂಗಿಕ ದೌರ್ಜನ್ಯ ಆಗಿದೆಯೆಂದು ನಿಮಗೆ ತಿಳಿಸಿದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸುವ ಹೊಣೆ ನಿಮ್ಮ ಮೇಲೆ ಬರುತ್ತದೆ. ಗುಟ್ಟಾಗಿಡುತ್ತೇವೆ ಎಂದು ಒಪ್ಪಿಗೆ ಪತ್ರದಲ್ಲಿ ಬರೆದು ಆಮೇಲೆ ಮಾತು ಮುರಿಯುವುದಕ್ಕಿಂತ, ಈ ಮಿತಿಯನ್ನು ಮೊದಲೇ ಓದಿ ಹೇಳಿ. ನಿಮ್ಮ 210ರಲ್ಲಿ ಅಂಥವರು ಇದ್ದಾರೆಯೇ ಎಂದು ಇವತ್ತೇ ನೋಡಿ, ಇದ್ದರೆ ನೈತಿಕ ಸಮಿತಿಯನ್ನು ಕಾಣಿ.

ಮತ್ತೆ ಹಾಸ್ಟೆಲ್‌ಗೆ ಹೋಗಬೇಕೇ ಎಂದು ಕೇಳಿದ್ದಿರಿ. ಆ 210 ಮಂದಿಗೆ ಮತ್ತೆ ತುಂಬಿಸುವುದು ಬೇಡ. ಅವರಾಚೆ ಎಂಟು ಹತ್ತು ಹುಡುಗಿಯರನ್ನು ಒಬ್ಬೊಬ್ಬರಾಗಿ ಕೂರಿಸಿಕೊಳ್ಳಿ. ಪ್ರತಿ ಸಾಲನ್ನೂ ಓದಿಸಿ "ಇದನ್ನ ನಿಮ್ಮ ಮಾತಿನ್ಯಾಗ ಹೇಳ್ರಿ" ಎನ್ನಿ. ತನ್ನ ಬದುಕಿನ ಉತ್ತರ ಹೇಳುವುದು ಬೇಡ, ಸಾಲಿನ ಅರ್ಥ ಮಾತ್ರ ಸಾಕು ಎಂದು ಮೊದಲೇ ತಿಳಿಸಿ. ಐದು ಆಯ್ಕೆಗಳನ್ನು ಐದು ಚೀಟಿಯಲ್ಲಿ ಬರೆದು ಕಲಸಿ, ಕಡಿಮೆಯಿಂದ ಹೆಚ್ಚಿಗೆ ಜೋಡಿಸಲು ಕೊಡಿ. "ಕೆಲವೊಮ್ಮೆ", "ಆಗಾಗ" ಎಂಬ ಚೀಟಿಗಳನ್ನು ಹತ್ತರಲ್ಲಿ ಮೂವರು ಅದಲು ಬದಲು ಇಟ್ಟರೆ ಆ ಪದಗಳು ಬದಲಾಗಲೇಬೇಕು. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು, ಮರಾಠಿ ಆಡುವವರು ಆ ಹತ್ತರಲ್ಲಿ ಇಬ್ಬರು ಮೂವರಾದರೂ ಇರಲಿ. ತಿದ್ದಿದ ಪ್ರತಿಯನ್ನು ಮೂಲ ನೋಡಿರದ ಒಬ್ಬರಿಂದ ಇಂಗ್ಲಿಷಿಗೆ ಮರಳಿಸಿ ಹೋಲಿಸಿ. ಆಮೇಲೆ 60 ಹೊಸ ವಿದ್ಯಾರ್ಥಿನಿಯರಿಗೆ ಎರಡು ವಾರದ ಅಂತರದಲ್ಲಿ ಎರಡು ಸಲ ಕೊಡಿ. ಇಷ್ಟಕ್ಕೆ ಆರೇಳು ವಾರ ಬೇಕು. ಹಳೆಯ 210ರ ಫಲಿತಾಂಶವನ್ನು ಹಳೆಯ ಪ್ರತಿಯದ್ದೆಂದೇ ಬರೆದು, ಹೊಸ 60ರದ್ದನ್ನು ಪಕ್ಕದ ಕಾಲಮ್ಮಿನಲ್ಲಿ ಇಡಿ.